ತಿಂಡಿ ಏನಕ್ಕಾ?

ನಾನು ಬೆಳೆದ ಬೀದಿಯಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳಿದ್ದವು. ಮೊದಲು ಒಂದೇ ಆಗಿದ್ದ ಮನೆ ಪಾಲಾಗಿ ಎರಡಾಗಿತ್ತು. ನಡುವೆ ಎದ್ದ ಗೋಡೆ ಹಿತ್ತಲ ಬಾವಿಯ ಹತ್ತಿರ ಬಂದು ನಿಂತುಬಿಟ್ಟಿತ್ತು. ಬಾವಿ ಯಾರ ಪಾಲಿಗೆ ಎಂಬುದು ತೀರ್ಮಾನವಾಗದೆ ವ್ಯಾಜ್ಯ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಅಣ್ಣತಮ್ಮಂದಿರು ಎದುರಾದರೆ ಒಬ್ಬರು ಬೀದಿಯ ಆಚೆ ಬದಿಗೆ ಸರಿಯುತ್ತಿದ್ದರು. ಒಂದು ಮನೆಯ ಹಬ್ಬದ ದಿನ ಇನ್ನೊಂದು ಮನೆಯ ಬಾಗಿಲು ಮುಚ್ಚಿರುತ್ತಿತ್ತು. ಆದರೆ ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಲು ಓರಗಿತ್ತಿಯರಿಬ್ಬರೂ ಹೊರಗೆ ಬರುತ್ತಿದ್ದುದು ಒಂದೇ ಹೊತ್ತಿಗೆ. ರಂಗೋಲಿ ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ ಕಿರಿಯಾಕೆ ಕೇಳುವರು, “ತಿಂಡಿ ಏನಕ್ಕಾ?” ಹಿರಿಯಾಕೆ, “ಉಪ್ಪಿಟ್ಟು ಕಣೇ. ನಿಂದೇನು?” ಎನ್ನುವರು. ಅಷ್ಟೇ. ಇಬ್ಬರೂ ಒಳಗೆ ಹೋಗುವರು. ಮಾರನೆಯ ದಿನದವರೆಗೆ ಆ ಎರಡು ಮನೆಗಳ ನಡುವೆ ಬೇರೊಂದು ಮಾತಿಲ್ಲ.

ಚಿಕ್ಕವನಾಗಿದ್ದ ನನಗೆ ಇದು ಅರ್ಥವಾಗುತ್ತಿರಲಿಲ್ಲ. ಜಗಳವಾದರೆ ‘ಟೂ’ ಬಿಡಬೇಕು, ಮಾತಾಡುವುದಾದರೆ ಜಗಳ ತೀರಿರಬೇಕು ಎಂಬುದು ಮಕ್ಕಳ ನ್ಯಾಯ. ಈ ಇಬ್ಬರು ಜಗಳವನ್ನೂ ಬಿಟ್ಟಿರಲಿಲ್ಲ, ಮಾತನ್ನೂ ಬಿಟ್ಟಿರಲಿಲ್ಲ. ಒಮ್ಮೆ ಅಮ್ಮನನ್ನು ಕೇಳಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಲೇ, “ಜಗಳ ಬಾವಿಗೆ ಕಣೋ, ಉಪ್ಪಿಟ್ಟಿಗಲ್ಲವಲ್ಲ” ಎಂದರು. ಆ ಮಾತು ಎಲ್ಲೋ ಒಳಗೆ ಉಳಿದಿತ್ತು. ಬಹಳ ವರ್ಷಗಳ ಮೇಲೆ ಶೀತಲ ಸಮರದ ಇತಿಹಾಸ ಓದುತ್ತಿದ್ದಾಗ ತಾನಾಗಿ ಮೇಲೆದ್ದು ಬಂತು.

ನಮ್ಮಲ್ಲಿ ಐವತ್ತು ದಾಟಿದವರು ಆ ಪದವನ್ನು ಪತ್ರಿಕೆಗಳಲ್ಲಿ ನಿತ್ಯ ಓದುತ್ತ ಬೆಳೆದವರು. ಹಿಟ್ಲರನನ್ನು ಸೋಲಿಸಲು ಹೆಗಲಿಗೆ ಹೆಗಲು ಕೊಟ್ಟಿದ್ದ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ, ಆಮೇಲಿನ ಸುಮಾರು 45 ವರ್ಷಗಳನ್ನು ಪರಸ್ಪರ ಅನುಮಾನದಲ್ಲೇ ಕಳೆದವು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟವೂ ಅಣುಬಾಂಬು ಸಿಡಿಸಿ ತೋರಿಸಿದ ಮೇಲೆ ಆ ಅನುಮಾನಕ್ಕೆ ಭಯವೂ ಸೇರಿತು. 1980ರ ದಶಕದ ನಡುವಿಗೆ ಜಗತ್ತಿನಲ್ಲಿದ್ದ ಅಣ್ವಸ್ತ್ರಗಳು 60 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಈ ಎರಡು ಮನೆಗಳವೇ. ಆದರೂ 1991ರಲ್ಲಿ ಸೋವಿಯತ್ ಒಕ್ಕೂಟ ಕರಗುವವರೆಗೆ ಒಬ್ಬರ ಮೇಲೊಬ್ಬರು ಯುದ್ಧ ಸಾರಲಿಲ್ಲ. ಹಾಗೆಂದು ಆ ಕಾಲವನ್ನು ಶಾಂತಿಯ ಕಾಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೊರಿಯಾದ, ವಿಯೆಟ್ನಾಮಿನ, ಅಂಗೋಲಾದ, ಅಫ್ಘಾನಿಸ್ತಾನದ ತಾಯಂದಿರನ್ನು ಕೇಳಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತೇವಲ್ಲ, ಆ ಕೂಸುಗಳು ಇವು. ಇಷ್ಟನ್ನು ಮರೆಯದೆಯೇ, ಇನ್ನೂ ದೊಡ್ಡದೊಂದು ಅನಾಹುತ ತಪ್ಪಿದ್ದು ಹೇಗೆಂದು ಕೇಳಿಕೊಳ್ಳಬಹುದು.

1962ರ ಅಕ್ಟೋಬರ್ ತಿಂಗಳು. ಫ್ಲಾರಿಡಾದಿಂದ ಸುಮಾರು 145 ಕಿಲೋಮೀಟರ್ ದೂರದ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳು ನೆಲೆಯೂರುತ್ತಿರುವುದು ಅಮೆರಿಕದ ಬೇಹು ವಿಮಾನದ ಚಿತ್ರಗಳಿಂದ ತಿಳಿಯಿತು. ಅಧ್ಯಕ್ಷ ಕೆನಡಿ ಕ್ಯೂಬಾದ ಸುತ್ತ ನೌಕೆಗಳ ತಡೆ ಹಾಕಿದರು. ಹದಿಮೂರು ದಿನ ಜಗತ್ತು ಉಸಿರು ಬಿಗಿಹಿಡಿದು ಕೂತಿತು. 26ರಂದು ಸೋವಿಯತ್ ನಾಯಕ ಕ್ರುಶ್ಚೇವ್ ಕೆನಡಿಗೆ ಒಂದು ಉದ್ದನೆಯ ಪತ್ರ ಬರೆದರು. ಗಂಟು ಬಿದ್ದ ಹಗ್ಗದ ಎರಡು ತುದಿಗಳನ್ನು ನಾವಿಬ್ಬರೂ ಎಳೆಯುತ್ತ ಹೋದರೆ ಗಂಟು ಬಿಗಿಯುತ್ತಲೇ ಹೋಗುತ್ತದೆ, ಕೊನೆಗೆ ಕಟ್ಟಿದವನಿಗೂ ಅದನ್ನು ಬಿಚ್ಚಲಾಗದು ಎಂಬ ಅರ್ಥದ ಮಾತು ಅದರಲ್ಲಿತ್ತು. ಕಷ್ಟ ಕಂಡ ಹಿರಿಯನೊಬ್ಬ ರಾತ್ರಿ ಒಬ್ಬನೇ ಕೂತು ಬರೆದ ಹಾಗಿರುವ ಪತ್ರ ಅದು. ಆದರೆ ಮಾಸ್ಕೋದಲ್ಲಿ ಕೊಟ್ಟ ಆ ಪತ್ರ ಅನುವಾದವಾಗಿ, ಸಂಕೇತಲಿಪಿಗೆ ಇಳಿದು, ತಂತಿಯಲ್ಲಿ ತುಂಡು ತುಂಡಾಗಿ ಬಂದು ವಾಷಿಂಗ್ಟನ್ನಿನಲ್ಲಿ ಪೂರ್ತಿ ಓದಲು ಸಿಗುವ ಹೊತ್ತಿಗೆ ಸುಮಾರು 12 ಗಂಟೆ ಕಳೆದಿತ್ತು. ಅದಕ್ಕೆ ಉತ್ತರ ಸಿದ್ಧವಾಗುವ ಮೊದಲೇ 27ರಂದು ಮಾಸ್ಕೋ ರೇಡಿಯೋದಲ್ಲಿ ಇನ್ನೊಂದು ಬೇಡಿಕೆ, ಇನ್ನಷ್ಟು ಬಿಗಿಯಾದ ದನಿಯಲ್ಲಿ. ಅದೇ ದಿನ ಕ್ಯೂಬಾದ ಮೇಲೆ ಅಮೆರಿಕದ ವಿಮಾನವೊಂದನ್ನು ಹೊಡೆದುರುಳಿಸಲಾಯಿತು, ಅದರ ಚಾಲಕ ಸತ್ತ. ಯಾವ ಪತ್ರ ಹಿಂದಿನದು, ಯಾವುದು ಮುಂದಿನದು, ಯಾವುದು ಮನಸ್ಸಿನ ಮಾತು ಎಂದು ತಿಳಿಯದೆ ಎರಡೂ ಕಡೆಯ ಜನ ತಡಕಾಡುತ್ತಿದ್ದರು.

ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ದೊಬ್ರಿನಿನ್ ಆ ದಿನಗಳನ್ನು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಅವರ ವರದಿಯನ್ನು ಕಚೇರಿಯವರು ಕೈಯಿಂದಲೇ ಅಂಕಿಗಳ ಸಂಕೇತಕ್ಕೆ ಇಳಿಸುತ್ತಿದ್ದರು. ಆಮೇಲೆ ಖಾಸಗಿ ತಂತಿ ಕಂಪನಿಗೆ ಫೋನು ಮಾಡಬೇಕು. ಅಲ್ಲಿಂದ ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ಲಕೋಟೆ ತೆಗೆದುಕೊಂಡು ಹೋಗುತ್ತಿದ್ದ. ಅವನು ದಾರಿಯಲ್ಲಿ ಎಲ್ಲೂ ಹರಟುತ್ತ ನಿಲ್ಲದೆ ನೇರವಾಗಿ ಹೋಗಲಪ್ಪಾ ಎಂದು ರಾಯಭಾರ ಕಚೇರಿಯವರು ಬೇಡಿಕೊಳ್ಳುತ್ತಿದ್ದರಂತೆ. ನಾನು ಇದನ್ನು ಓದಿ ಪುಸ್ತಕ ಮಡಿಸಿಟ್ಟೆ. ಸಾವಿರಾರು ಅಣ್ವಸ್ತ್ರಗಳನ್ನು ಮಾಡಿಟ್ಟುಕೊಂಡ ಎರಡು ರಾಷ್ಟ್ರಗಳು ಒಂದು ಮಾತು ತಲುಪಿಸಲು ಸೈಕಲ್ ತುಳಿಯುವ ಹುಡುಗನ ಕಾಲನ್ನು ನಂಬಿಕೊಂಡಿದ್ದವು. ಬೆಂಕಿಗೆ ಮಾಡಿದ ಏರ್ಪಾಟು ಮಾತಿಗೆ ಆಗಿರಲಿಲ್ಲ. ಕೊನೆಗೆ 28ರಂದು ಕ್ಷಿಪಣಿಗಳನ್ನು ಹಿಂತೆಗೆಯಲು ಒಪ್ಪಿದಾಗ ಕ್ರುಶ್ಚೇವ್ ತಮ್ಮ ಉತ್ತರವನ್ನು ರೇಡಿಯೋದಲ್ಲೇ ಓದಿಸಿದರು. ಬಾಗಿಲ ದಾರಿ ಅಷ್ಟು ನಿಧಾನವಾದ್ದರಿಂದ ಜಗಲಿಯ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು.

ಹೆದರಿಕೆ ಕೆಲವೊಮ್ಮೆ ಒಳ್ಳೆಯ ಮೇಷ್ಟ್ರು. ಮರುವರ್ಷ, 1963ರ ಜೂನ್ 20ರಂದು, ಎರಡೂ ಕಡೆಯವರು ಜಿನೀವಾದಲ್ಲಿ ಕೂತು ಒಂದು ನೇರ ತಂತಿ ಎಳೆಯುವ ಒಪ್ಪಂದಕ್ಕೆ ಸಹಿ ಹಾಕಿದರು. ಆಗಸ್ಟ್ 30ರಿಂದ ಅದು ಕೆಲಸ ಶುರುಮಾಡಿತು. ಹಾಟ್‌ಲೈನ್ ಎಂದೊಡನೆ ನಮಗೆ ಸಿನಿಮಾದಲ್ಲಿ ಕಂಡ ಕೆಂಪು ಟೆಲಿಫೋನು ನೆನಪಾಗುತ್ತದೆ. ನಿಜದಲ್ಲಿ ಅಲ್ಲಿ ಟೆಲಿಫೋನೇ ಇರಲಿಲ್ಲ, ಇದ್ದದ್ದು ಟೆಲಿಪ್ರಿಂಟರ್. ವಾಷಿಂಗ್ಟನ್ನಿನಿಂದ ಲಂಡನ್, ಕೋಪನ್‌ಹೇಗನ್, ಸ್ಟಾಕ್‌ಹೋಮ್, ಹೆಲ್ಸಿಂಕಿ ಹಾದು ಮಾಸ್ಕೋ ಸೇರುವ ತಂತಿ. ಅದು ಕೈಕೊಟ್ಟರೆ ಮೊರಾಕ್ಕೋದ ಟ್ಯಾಂಜಿಯರ್ ಮೂಲಕ ರೇಡಿಯೋ ದಾರಿ. ಫೋನಿನಲ್ಲಿ ಮಾತಾಡಿದರೆ ದನಿ ಏರುತ್ತದೆ, ಒಂದು ಶಬ್ದ ತಪ್ಪಾಗಿ ಕೇಳುತ್ತದೆ, ದುಭಾಷಿ ಅವಸರದಲ್ಲಿ ಇನ್ನೊಂದು ಅರ್ಥ ಮಾಡುತ್ತಾನೆ. ಬರೆದದ್ದಾದರೆ ಎರಡು ಸಲ ಓದಬಹುದು, ಉತ್ತರ ಕೊಡುವ ಮುನ್ನ ಒಂದು ಲೋಟ ನೀರು ಕುಡಿಯಬಹುದು. ಹೀಗೆಂದೇ ಬರಹವನ್ನು ಆರಿಸಿಕೊಂಡರು. ಅಮೆರಿಕನ್ನರು ಇಂಗ್ಲಿಷಿನಲ್ಲಿ, ರಷ್ಯನ್ನರು ರಷ್ಯನ್ನಿನಲ್ಲಿ ಬರೆಯುವುದು, ಓದುವವರು ಅನುವಾದ ಮಾಡಿಕೊಳ್ಳುವುದು. ಅದಕ್ಕಾಗಿ ಇಂಗ್ಲಿಷ್ ಅಕ್ಷರದ ಯಂತ್ರಗಳು ಮಾಸ್ಕೋಗೆ ಹೋದವು, ರಷ್ಯನ್ ಅಕ್ಷರದ ಯಂತ್ರಗಳು ವಾಷಿಂಗ್ಟನ್ನಿಗೆ ಬಂದವು. ನಿನ್ನ ಮಾತನ್ನು ನಿನ್ನ ಅಕ್ಷರದಲ್ಲೇ ಓದುತ್ತೇನೆ ಎನ್ನುವುದರಲ್ಲಿ ಒಂದು ಮರ್ಯಾದೆ ಇದೆ.

ಆ ತಂತಿಯಲ್ಲಿ ಅಮೆರಿಕ ಕಳಿಸಿದ ಮೊದಲ ಸಂದೇಶ ಯಾವುದು ಗೊತ್ತೇ? ಚುರುಕಿನ ಕಂದು ನರಿಯೊಂದು ಸೋಮಾರಿ ನಾಯಿಯ ಬೆನ್ನ ಮೇಲಿಂದ ಹಾರಿತು ಎಂಬ ಇಂಗ್ಲಿಷ್ ವಾಕ್ಯ, ಜೊತೆಗೆ ಒಂದರಿಂದ ಸೊನ್ನೆಯವರೆಗಿನ ಅಂಕಿಗಳು. ನಮ್ಮ ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಜೂನಿಯರ್ ಪರೀಕ್ಷೆಗೆ ಕೂತವರಿಗೆಲ್ಲ ಆ ನರಿ ಪರಿಚಿತ. ಇಂಗ್ಲಿಷಿನ ಎಲ್ಲ ಅಕ್ಷರಗಳೂ ಅದರಲ್ಲಿ ಬರುತ್ತವೆ, ಯಂತ್ರದ ಯಾವ ಕೀಲಿ ಕೆಟ್ಟಿದ್ದರೂ ತಿಳಿಯುತ್ತದೆ. ಅರ್ಥದ ಹಂಗಿಲ್ಲದ ಮಾತು, ದಾರಿ ಸರಿಯಾಗಿದೆಯೇ ಎಂದು ತಟ್ಟಿ ನೋಡುವ ಮಾತು. ಅಂದಿನಿಂದ ಅದೊಂದು ನೇಮವಾಯಿತು. ಪ್ರತಿ ಗಂಟೆಗೊಂದು ಪರೀಕ್ಷಾ ಸಂದೇಶ. ಸಮಸಂಖ್ಯೆಯ ಗಂಟೆಗೆ ವಾಷಿಂಗ್ಟನ್ನಿನಿಂದ, ಬೆಸಸಂಖ್ಯೆಯ ಗಂಟೆಗೆ ಮಾಸ್ಕೋದಿಂದ. ಹಗಲು, ನಡುರಾತ್ರಿ, ಹಬ್ಬ, ಭಾನುವಾರ ಎನ್ನದೆ. ಅಮೆರಿಕದವರು ಷೇಕ್ಸ್‌ಪಿಯರನಿಂದ, ಮಾರ್ಕ್ ಟ್ವೇನನಿಂದ, ವಿಶ್ವಕೋಶದಿಂದ, ಪ್ರಥಮ ಚಿಕಿತ್ಸೆಯ ಕೈಪಿಡಿಯಿಂದ ಕೂಡ ಒಂದಷ್ಟು ಸಾಲು ಕಳಿಸುತ್ತಿದ್ದರು. ರಷ್ಯನ್ನರು ಚೆಕಾಫನ ಕಥೆಗಳಿಂದ ಕಳಿಸುತ್ತಿದ್ದರು. ಆರಿಸುವಾಗಲೂ ಎಚ್ಚರ. ಕರಡಿ ರಷ್ಯಾದ ಸಂಕೇತವಾದ್ದರಿಂದ ಮಕ್ಕಳ ಪುಸ್ತಕದ ಮುಗ್ಧ ಕರಡಿಯನ್ನೂ ದೂರವಿಟ್ಟರು, ಎಲ್ಲಿ ಅದನ್ನು ಚುಚ್ಚುಮಾತೆಂದು ತಿಳಿದಾರೋ ಎಂದು. ಹೊಸ ವರ್ಷಕ್ಕೆ ಶುಭಾಶಯಗಳೂ ಹೋಗಿ ಬರುತ್ತಿದ್ದವು. ಮೇಲೆ ನಾಯಕರು ವೇದಿಕೆಗಳಲ್ಲಿ ಗುಡುಗುತ್ತಿದ್ದಾಗ, ಕೆಳಗೆ ಪಾಳಿಯ ಮೇಲೆ ಕೂತ ಸಾಧಾರಣ ನೌಕರರು ಒಬ್ಬರಿಗೊಬ್ಬರು ಕಥೆ ಓದಿ ಹೇಳುತ್ತಿದ್ದರು.

ಇದನ್ನು ಓದಿದಾಗಲೇ ನನಗೆ ಅಮ್ಮನ ಉಪ್ಪಿಟ್ಟಿನ ಮಾತು ನೆನಪಾದದ್ದು. ನಮ್ಮ ಭಾಷೆಯಲ್ಲಿ ಈ ಪರೀಕ್ಷಾ ಸಂದೇಶ ಬಹಳ ಹಿಂದಿನಿಂದ ಇದೆ. “ಊಟ ಆಯ್ತಾ?”, “ತಿಂಡಿ ಆಯ್ತಾ?”, “ಎಲ್ಲಿಗೋ ಹೊರಟ ಹಾಗಿದೆ?” ಕೇಳುವವರಿಗೆ ನಮ್ಮ ಹೊಟ್ಟೆಯ ಲೆಕ್ಕ ಬೇಕಾಗಿಲ್ಲ, ನಾವೂ ಲೆಕ್ಕ ಒಪ್ಪಿಸುವುದಿಲ್ಲ. ನೀನು ಅಲ್ಲಿದ್ದೀಯಾ, ನಾನು ಇಲ್ಲಿದ್ದೇನೆ ಎಂದು ತಂತಿ ಮಿಡಿದು ನೋಡುವುದು, ಅಷ್ಟೇ.

ಆ ತಂತಿ ನಾಲ್ಕು ವರ್ಷ ಹೀಗೆ ಕಥೆ ಸಾಗಿಸುತ್ತಲೇ ಇತ್ತು. 1967ರ ಜೂನ್ 5ರಂದು ಇಸ್ರೇಲ್ ಮತ್ತು ಅರಬ್ ರಾಷ್ಟ್ರಗಳ ನಡುವೆ ಯುದ್ಧ ಹೊತ್ತಿಕೊಂಡ ಬೆಳಿಗ್ಗೆ ಮೊದಲ ಬಾರಿ ಮಾಸ್ಕೋದಿಂದ ನಿಜವಾದ ಸಂದೇಶ ಬಂತು. ಪ್ರಧಾನಿ ಕೊಸಿಗಿನ್ ಅಧ್ಯಕ್ಷ ಜಾನ್ಸನ್ನರನ್ನು ಕೇಳುತ್ತಿದ್ದರು. ಅದಕ್ಕೆ ಹೋದ ಉತ್ತರದ ಕಥೆಯೂ ಸ್ವಾರಸ್ಯದ್ದು. ಕೊಸಿಗಿನ್ನರನ್ನು ಏನೆಂದು ಸಂಬೋಧಿಸಬೇಕೆಂದು ಅಮೆರಿಕದ ಟೆಲಿಪ್ರಿಂಟರ್ ನೌಕರರು ತಮ್ಮ ಮಾಸ್ಕೋ ಜೊತೆಗಾರರನ್ನೇ ಕೇಳಿದರಂತೆ. ಅವರು ತಮ್ಮ ರೂಢಿಯಂತೆ ‘ಕಾಮ್ರೇಡ್ ಕೊಸಿಗಿನ್’ ಎಂದರು. ಅಮೆರಿಕದ ಅಧ್ಯಕ್ಷರಿಂದ ‘ಕಾಮ್ರೇಡ್’ ಎಂಬ ಒಕ್ಕಣೆ ಕಂಡು ಮಾಸ್ಕೋದ ಹಿರಿಯರಿಗೆ ಇದು ಗೇಲಿಯೋ ಏನೋ ಎಂಬ ಸಂಶಯ ಬಂತೆಂದು ದೊಬ್ರಿನಿನ್ ಬರೆಯುತ್ತಾರೆ. ‘ನೀನು’ ಎನ್ನಬೇಕಾದಲ್ಲಿ ‘ನೀವು’ ಬಂದರೂ, ‘ನೀವು’ ಎನ್ನಬೇಕಾದಲ್ಲಿ ‘ನೀನು’ ಬಂದರೂ ಏನೇನಾಗುತ್ತದೆಂದು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರು ದಿನ ಕಳೆದು ಜೂನ್ 8ರಂದು ಅಮೆರಿಕದ ‘ಲಿಬರ್ಟಿ’ ಹಡಗಿನ ಮೇಲೆ ಇಸ್ರೇಲಿನ ಪಡೆಗಳು ದಾಳಿ ಮಾಡಿದವು. ಹತ್ತಿರದ ಸಮುದ್ರದಲ್ಲಿದ್ದ ‘ಸಾರಟೋಗಾ’ ಎಂಬ ವಿಮಾನವಾಹಕ ನೌಕೆಯಿಂದ ವಿಮಾನಗಳನ್ನು ಕಳಿಸಬೇಕಾಯಿತು. ಅದೇ ಸಮುದ್ರದಲ್ಲಿ ಸೋವಿಯತ್ ನೌಕೆಗಳೂ ಇದ್ದವು. ಏಕಾಏಕಿ ಅಮೆರಿಕದ ಯುದ್ಧವಿಮಾನಗಳು ಮೇಲೇರುವುದನ್ನು ಕಂಡರೆ ಅವರು ಏನೆಂದುಕೊಳ್ಳಬೇಕು? ಜಾನ್ಸನ್ ಆ ತಂತಿಯಲ್ಲಿ ಮೊದಲೇ ತಿಳಿಸಿದರು. ನಮ್ಮ ಹಡಗಿಗೆ ಏಟು ಬಿದ್ದಿದೆ, ಏನಾಗಿದೆಯೆಂದು ನೋಡಲು ವಿಮಾನ ಕಳಿಸುತ್ತಿದ್ದೇವೆ, ಇದನ್ನು ಬೇರೆಯಾಗಿ ತಿಳಿಯಬೇಡಿ ಎಂದು. ಮಾಸ್ಕೋ ಅದನ್ನು ನಂಬಿತು. ಆ ಯುದ್ಧದ ದಿನಗಳಲ್ಲಿ ಎರಡೂ ಕಡೆಯಿಂದ ಸುಮಾರು 20 ಸಂದೇಶಗಳು ಹರಿದಾಡಿದವು. ಇಬ್ಬರ ನಡುವಿನ ವೈರ ಅದರಿಂದ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ವೈರಕ್ಕೆ ಅಪಾರ್ಥ ಸೇರಿಕೊಳ್ಳದಂತೆ ಅದು ಕಾಯಿತು.

ತಂತಿ ಎಳೆದಿಟ್ಟರೆ ಸಾಲದು ಎಂಬುದಕ್ಕೂ ಉದಾಹರಣೆ ದೂರವಿಲ್ಲ. 2023ರ ಫೆಬ್ರವರಿ 4ರಂದು ಅಮೆರಿಕ ತನ್ನ ಆಕಾಶದಲ್ಲಿ ಹಾದುಹೋದ ಚೀನಾದ ಬಲೂನೊಂದನ್ನು ಹೊಡೆದುರುಳಿಸಿತು. ಅಂದೇ ಅದರ ರಕ್ಷಣಾ ಸಚಿವರು ಚೀನಾದ ರಕ್ಷಣಾ ಸಚಿವರೊಡನೆ ಮಾತಾಡಲು ಕೇಳಿದರು, ಬೀಜಿಂಗ್ ಒಪ್ಪಲಿಲ್ಲ. ಸೇನೆಗಳ ನಡುವಿನ ಮಾತಿನ ದಾರಿಗಳನ್ನು ಮತ್ತೆ ತೆರೆಯಲು ಇಬ್ಬರು ಅಧ್ಯಕ್ಷರು ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೂತು ಒಪ್ಪಬೇಕಾಯಿತು. ಸಾಧಾರಣ ದಿನಗಳಲ್ಲಿ ರೂಢಿಯಿಲ್ಲದ ಮಾತು ಕಷ್ಟದ ದಿನ ಥಟ್ಟನೆ ಬಾಯಿಗೆ ಬರುವುದಿಲ್ಲ. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, 1988ರ ಕೊನೆಯ ದಿನ ಸಹಿಯಾದ ಒಪ್ಪಂದದ ಪ್ರಕಾರ ಭಾರತ ಮತ್ತು ಪಾಕಿಸ್ತಾನ ಪ್ರತಿ ಜನವರಿ 1ರಂದು ತಮ್ಮ ಅಣು ಸ್ಥಾವರಗಳ ಪಟ್ಟಿಯನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತವೆ, ಇವುಗಳ ಮೇಲೆ ಕೈಮಾಡುವುದಿಲ್ಲ ಎಂಬ ಮಾತಿನೊಂದಿಗೆ. 1992ರಲ್ಲಿ ಶುರುವಾದ ಈ ಕ್ರಮ ಕಾರ್ಗಿಲ್ ಆದ ಮೇಲಿನ ಜನವರಿಯಲ್ಲೂ ನಡೆಯಿತು, ಬಾಲಾಕೋಟ್ ಆದ ಮೇಲಿನ ಜನವರಿಯಲ್ಲೂ ನಡೆಯಿತು. ಪತ್ರಿಕೆಯ ಒಳಪುಟದಲ್ಲಿ ಎರಡಿಂಚಿನ ಸುದ್ದಿಯಾಗಿ ಬರುತ್ತದೆ. ನಾನು ಹೊಸ ವರ್ಷದ ದಿನ ಅದನ್ನು ಹುಡುಕಿ ಓದುತ್ತೇನೆ. ಓದಿದ ಮೇಲೆ ಮನಸ್ಸು ಹಗುರಾಗುತ್ತದೆ.

ನಮ್ಮ ನಮ್ಮ ಮನೆಗಳಲ್ಲೂ ಒಂದೊಂದು ಬಾವಿ ಇದ್ದೇ ಇರುತ್ತದೆ. ಅಪ್ಪನ ಆಸ್ತಿ, ಮದುವೆಯಲ್ಲಿ ಆದ ಅವಮಾನ, ಕೊಟ್ಟು ಬಾರದ ಸಾಲ. ಮೊದಲು ಅದು ಬಗೆಹರಿಯಲಿ, ಆಮೇಲೆ ಮಾತು ಎನ್ನುತ್ತೇವೆ. ಬಗೆಹರಿಯುವುದಕ್ಕೆ ಹತ್ತು ವರ್ಷ ಬೇಕಾದರೆ ಆ ಹತ್ತು ವರ್ಷವೂ ಮೌನ. ಅಷ್ಟರಲ್ಲಿ ಒಬ್ಬರ ಮಗಳಿಗೆ ಮದುವೆ ಆಗಿರುತ್ತದೆ, ಇನ್ನೊಬ್ಬರ ಕಣ್ಣಿಗೆ ಆಪರೇಷನ್ ಆಗಿರುತ್ತದೆ, ಸುದ್ದಿ ಮೂರನೆಯವರಿಂದ ಬಣ್ಣ ಹಚ್ಚಿಕೊಂಡು ಬರುತ್ತದೆ. ವ್ಯಾಜ್ಯವನ್ನು ಅದರ ಜಾಗದಲ್ಲಿ ಬಿಟ್ಟು ಯುಗಾದಿಗೆ ಒಂದು ಸಾಲು, ದೀಪಾವಳಿಗೆ ಒಂದು ಸಾಲು ಬರೆಯಲು ನಮಗೆ ಜಿನೀವಾದ ಒಪ್ಪಂದ ಬೇಕಿಲ್ಲ. ಸಿಟ್ಟಿನ ವಿಷಯ ಹೇಳಲೇಬೇಕಾದಾಗ ಫೋನಿನಲ್ಲಿ ಕೂಗುವ ಬದಲು ಒಂದು ಕಾಗದದಲ್ಲಿ ಬರೆದು, ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸುವುದೂ ನಮ್ಮ ಕೈಯಲ್ಲೇ ಇದೆ. ನಾನು ಹೀಗೆ ಮಾಡಿ ಎರಡು ಕಾಗದಗಳನ್ನು ಕಳಿಸದೆಯೇ ಉಳಿಸಿಕೊಂಡಿದ್ದೇನೆ.

ಆ ಹಾಟ್‌ಲೈನಿನ ತಂತಿ ಒಮ್ಮೆ ಫಿನ್‌ಲೆಂಡಿನಲ್ಲಿ ರೈತನೊಬ್ಬ ಹೊಲ ಉಳುವಾಗ ಕತ್ತರಿಸಿ ಹೋಗಿತ್ತು. ಗಂಟೆಗೊಮ್ಮೆ ಬರಬೇಕಾದದ್ದು ಬಾರದಿದ್ದರೆ ಎಲ್ಲೋ ಏನೋ ಆಗಿದೆ ಎಂದು ತಿಳಿಯುತ್ತದೆ, ಯಾರಾದರೂ ಎದ್ದು ಹುಡುಕಿಕೊಂಡು ಹೊರಡುತ್ತಾರೆ. ನಮ್ಮ ಬೀದಿಯಲ್ಲೂ ಹಾಗೊಂದು ಬೆಳಿಗ್ಗೆ ಬಂತು. ಧನುರ್ಮಾಸದ ಚಳಿ. ಕಿರಿಯ ಓರಗಿತ್ತಿ ರಂಗೋಲಿ ಮುಗಿಸಿ ಎದ್ದಾಗ ಪಕ್ಕದ ಅಂಗಳಕ್ಕೆ ಇನ್ನೂ ನೀರು ಬಿದ್ದಿರಲಿಲ್ಲ. “ಅಕ್ಕಾ” ಎಂದು ಎರಡು ಸಲ ಕರೆದರು. ಉತ್ತರವಿಲ್ಲ. ರಂಗೋಲಿ ಬಟ್ಟಲು ಅಲ್ಲೇ ಇಟ್ಟು, ಆರು ವರ್ಷದಿಂದ ದಾಟದಿದ್ದ ಗೇಟು ತೆಗೆದು ಒಳಗೆ ಹೋದರು. ಹಿರಿಯಾಕೆ ಬಚ್ಚಲಲ್ಲಿ ಜಾರಿ ಬಿದ್ದು ಏಳಲಾರದೆ ಒದ್ದಾಡುತ್ತಿದ್ದರು. ಯಜಮಾನರು ಊರಲ್ಲಿರಲಿಲ್ಲ. ಕಿರಿಯಾಕೆ ಹಿತ್ತಲಿಗೆ ಓಡಿ ಗೋಡೆಯಾಚೆಗೆ ತಮ್ಮ ಗಂಡನನ್ನು ಕೂಗಿದರು. ತಮ್ಮ ಬಂದು ಅತ್ತಿಗೆಯನ್ನು ಎತ್ತಿಕೊಂಡು ಜಟಕಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಬಾವಿಯ ವ್ಯಾಜ್ಯ ಆಮೇಲೂ ನಾಲ್ಕು ವರ್ಷ ನಡೆಯಿತು. ಹಿರಿಯಾಕೆ ಕೋಲೂರಿಕೊಂಡು ಮೊದಲ ಸಲ ಹೊರಗೆ ಬಂದ ಬೆಳಿಗ್ಗೆ ಎರಡೂ ಅಂಗಳಕ್ಕೆ ರಂಗೋಲಿ ಬಿದ್ದಾಗಿತ್ತು. ಅವರು ಸ್ವಲ್ಪ ಹೊತ್ತು ಹೊಸ್ತಿಲ ಬಳಿಯೇ ನಿಂತು ಅದನ್ನು ನೋಡಿದರು. ಆಮೇಲೆ ಗೋಡೆಯ ಕಡೆಗೆ ತಿರುಗಿ, “ತಿಂಡಿ ಏನೇ ಇವತ್ತು?” ಎಂದರು. ಆ ಪ್ರಶ್ನೆಯನ್ನು ಅವರೇ ಮೊದಲು ಕೇಳಿದ್ದನ್ನು ನಾನು ಕಂಡದ್ದು ಅಂದೇ.